ಗಣಿಗೆ ವಿಮಾನದಲ್ಲಿ ಹೋಗುವವರ ಪೇಸ್ಲಿಪ್: ಆಸ್ಟ್ರೇಲಿಯಾದಲ್ಲಿ ಪೇರೋಲ್ ಮಾಡಿದವರು ಸ್ವಲ್ಪ ಹೇಳಿ

ಕೇಳಿದವರು: ಪರ್ತ್‌ಗೆ ಹೊಸಬರು

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಈಗ ಪರ್ತ್‌ನಲ್ಲಿದ್ದೇನೆ. ಊರಲ್ಲಿ ಆರು ವರ್ಷ ಅಕೌಂಟ್ಸ್ ನೋಡಿದ್ದೆ. ಬರುವ ಸೋಮವಾರದಿಂದ ಒಂದು ಸಣ್ಣ ಕಂಪನಿಯಲ್ಲಿ ಪೇರೋಲ್ ಕೆಲಸ. ಪಿಲ್ಬರಾ ಕಡೆಯ ಕಬ್ಬಿಣದ ಅದಿರಿನ ಗಣಿಗಳಿಗೆ ಡ್ರಿಲ್ಲಿಂಗ್ ಜನರನ್ನು ಕಳಿಸುವ ಕಂಪನಿ. ನಲವತ್ತು ಜನ ಇದ್ದಾರೆ, ಎಲ್ಲರೂ ಫ್ಲೈ-ಇನ್ ಫ್ಲೈ-ಔಟ್, ಅಂದರೆ ವಿಮಾನದಲ್ಲಿ ಗಣಿಗೆ ಹೋಗಿ ಸರದಿ ಮುಗಿಸಿ ಮನೆಗೆ ಬರುವವರು. ಎಂಟು ದಿನ ಗಣಿ, ಆರು ದಿನ ಮನೆ. ಹಳೆಯ ಪೇಸ್ಲಿಪ್ ಒಂದನ್ನು ತೋರಿಸಿದರು. ಎರಡೇ ಸಾಲು: "ಸೈಟ್ ರೇಟ್, 96 ಗಂಟೆ", ಅದರ ಕೆಳಗೆ ಟ್ಯಾಕ್ಸ್. ಏನೋ ಸರಿ ಇಲ್ಲ ಅನ್ನಿಸುತ್ತಿದೆ, ಆದರೆ ಏನು ಅಂತ ಹೇಳೋಕೆ ಬರ್ತಿಲ್ಲ. ಈ ಕೆಲಸ ಮಾಡಿದವರು ಯಾರಾದರೂ ಇದ್ದೀರಾ?

ಉತ್ತರ: ಪರ್ತ್, ಪೇರೋಲ್‌ನಲ್ಲಿ ಒಂಬತ್ತು ವರ್ಷ

ನಿಮ್ಮ ಅನುಮಾನ ಸರಿಯಾಗಿಯೇ ಇದೆ ಮೇಡಂ. ಆ ಎರಡು ಸಾಲಿನ ಪೇಸ್ಲಿಪ್ ಇಲ್ಲಿ ನಡೆಯುವುದಿಲ್ಲ.

ಕಾನೂನಿನ ಮಾತು ಮೊದಲು ಮುಗಿಸಿಬಿಡುತ್ತೇನೆ. 2009ರ ಫೇರ್ ವರ್ಕ್ ಕಾಯ್ದೆ ಪ್ರಕಾರ ಸಂಬಳ ಹಾಕಿ ಒಂದು ಕೆಲಸದ ದಿನದೊಳಗೆ ಪೇಸ್ಲಿಪ್ ಕೊಡಬೇಕು. ಕಾಗದದಲ್ಲಾದರೂ ಸರಿ, ಇಮೇಲ್‌ನಲ್ಲಾದರೂ ಸರಿ. ಕಂಪನಿ ಹೆಸರು, ಎಬಿಎನ್ (ಕಂಪನಿಯ ವ್ಯಾಪಾರ ನೋಂದಣಿ ಸಂಖ್ಯೆ), ಕೆಲಸಗಾರರ ಹೆಸರು, ಯಾವತ್ತಿನಿಂದ ಯಾವತ್ತಿನವರೆಗಿನ ಸಂಬಳ, ಹಾಕಿದ ತಾರೀಖು, ಗ್ರಾಸ್, ನೆಟ್ ಇರಬೇಕು. ಗಂಟೆ ಲೆಕ್ಕದವರಿಗೆ ಮಾಮೂಲಿ ಗಂಟೆಯ ದರ, ಎಷ್ಟು ಗಂಟೆ, ಎಷ್ಟು ದುಡ್ಡು. ವರ್ಷದ ಸಂಬಳದವರಿಗೆ ವರ್ಷದ ದರ. ಏನಾದರೂ ಹಿಡಿದಿದ್ದರೆ ಎಷ್ಟು, ಯಾವ ಖಾತೆಗೆ ಹೋಯಿತು. ಸೂಪರ್ ಎಷ್ಟು, ಯಾವ ಫಂಡ್‌ಗೆ. (ಸೂಪರ್ ಅಂದರೆ ನಮ್ಮ ಪಿಎಫ್ ಇದ್ದ ಹಾಗೆ. ಆದರೆ ಸಂಬಳದಿಂದ ಹಿಡಿಯೋದಲ್ಲ, ಕಂಪನಿ ಮೇಲಿಂದ ಕಟ್ಟೋದು.)

ನಿಮ್ಮವರು ಎಡವಿರುವುದು ಇದರ ಮುಂದಿನ ಸಾಲಿನಲ್ಲಿ. ಲೋಡಿಂಗ್ (ಮೂಲ ದರದ ಮೇಲೆ ಸೇರಿಸಿ ಕೊಡೋದು), ಅಲೋಯನ್ಸ್, ಪೆನಾಲ್ಟಿ ದರ (ವಾರಾಂತ್ಯ, ರಜೆ ದಿನಗಳ ಹೆಚ್ಚಿನ ದರ, ದಂಡ ಅಲ್ಲ), ಬೋನಸ್ ಹೀಗೆ ಏನನ್ನು ಬೇರೆಯಾಗಿ ಗುರುತಿಸಬಹುದೋ ಅದೆಲ್ಲ ಬೇರೆಯಾಗಿಯೇ ಕಾಣಬೇಕು. "ಸೈಟ್ ರೇಟ್" ಅಂತ ಒಂದು ಚೀಲಕ್ಕೆ ತುಂಬಿ ಕಟ್ಟಿಬಿಟ್ಟರೆ ಒಳಗೇನಿದೆ ಅಂತ ಕೆಲಸಗಾರನಿಗೂ ಗೊತ್ತಾಗಲ್ಲ, ಆರು ತಿಂಗಳಾದ ಮೇಲೆ ನಿಮಗೂ ಗೊತ್ತಾಗಲ್ಲ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಸಂಖ್ಯೆಗಳು ಸುಮ್ನೆ ಉದಾಹರಣೆಗೆ. ಒಬ್ಬ ಕಾಯಂ ಕೆಲಸಗಾರ, ಗಂಟೆಗೆ 48 ಡಾಲರ್. ಎಂಟು ಶಿಫ್ಟ್, ಒಂದೊಂದೂ 12 ಗಂಟೆ, ಒಟ್ಟು 96. ವಾರಕ್ಕೆ 38ರಂತೆ ಎರಡು ವಾರಕ್ಕೆ 76 ಗಂಟೆ ಮಾಮೂಲಿ, ಉಳಿದ 20 ಓವರ್‌ಟೈಮ್ ಅಂತ ಒಪ್ಪಂದದಲ್ಲಿದೆ ಅಂದುಕೊಳ್ಳಿ. ಆಗ ಪೇಸ್ಲಿಪ್ ಹೀಗೆ ಬರಬೇಕು:

ಮಾಮೂಲಿ ಗಂಟೆ: 76 × 48.00 = 3,648.00
ಓವರ್‌ಟೈಮ್ ಒಂದೂವರೆ ಪಟ್ಟು: 20 × 72.00 = 1,440.00
ಸೈಟ್ ಅಲೋಯನ್ಸ್: 8 ದಿನ × 35.00 = 280.00
ಗ್ರಾಸ್: 5,368.00
ಸೂಪರ್ 12%, (ಫಂಡ್ ಹೆಸರು): 471.36

ಸೂಪರ್ 471.36 ಹೇಗೆ ಬಂತು? 3,648ಕ್ಕೆ 280 ಕೂಡಿಸಿ 12%. ಓವರ್‌ಟೈಮ್ ಅದರಲ್ಲಿ ಸೇರಿಲ್ಲ. ಆದರೆ ಯಾವುದು ಮಾಮೂಲಿ ಗಂಟೆ, ಯಾವುದು ಓವರ್‌ಟೈಮ್ ಅಂತ ನಿಮ್ಮ ಅವಾರ್ಡ್ (ಒಂದೊಂದು ಉದ್ಯಮಕ್ಕೆ ಕಾನೂನಿನಂತೆ ನಿಗದಿಯಾದ ಕನಿಷ್ಠ ಸಂಬಳ ಮತ್ತು ಕೆಲಸದ ನಿಯಮ), ಅಗ್ರಿಮೆಂಟ್ ಅಥವಾ ಕಾಂಟ್ರಾಕ್ಟ್‌ನಲ್ಲಿ ಸ್ಪಷ್ಟವಾಗಿ ಇದ್ದರೆ ಮಾತ್ರ ಹೀಗೆ. ಬಿಡಿಸಿ ಹೇಳೋಕೆ ಆಗದಿದ್ದರೆ ಅಷ್ಟೂ ಗಂಟೆಗೆ ಸೂಪರ್ ಕಟ್ಟಬೇಕಾಗುತ್ತದೆ. ಹಾಗಾಗಿ ಸೋಮವಾರ ಹೋದ ತಕ್ಷಣ ಸಾಫ್ಟ್‌ವೇರ್ ತೆಗೆಯಬೇಡಿ. ಮೊದಲು ಕಾಂಟ್ರಾಕ್ಟ್ ಕೇಳಿ. ಮೈನಿಂಗ್ ಇಂಡಸ್ಟ್ರಿ ಅವಾರ್ಡ್ 2020 ಅನ್ವಯಿಸುತ್ತಾ, ಇಲ್ಲಾ ಕಂಪನಿಯದೇ ಅಗ್ರಿಮೆಂಟ್ ಇದೆಯಾ ನೋಡಿ. ಕಲ್ಲಿದ್ದಲಿಗೆ ಬೇರೆಯೇ ಅವಾರ್ಡ್ ಇದೆ, ಅಲ್ಲಿ ವಾರಕ್ಕೆ 35 ಗಂಟೆ. ನಿಮಗೆ ಅದು ಬೇಡ.

ಇನ್ನೊಂದು: 2026ರ ಜುಲೈ 1ರಿಂದ ಸೂಪರ್ ಲೆಕ್ಕ ಮೂರು ತಿಂಗಳಿಗೊಮ್ಮೆ ಅಲ್ಲ. ಸಂಬಳದ ದಿನದಿಂದ ಏಳು ಕೆಲಸದ ದಿನದೊಳಗೆ ದುಡ್ಡು ಫಂಡ್‌ಗೆ ಮುಟ್ಟಿರಬೇಕು. ಪೇಸ್ಲಿಪ್‌ನಲ್ಲಿ ಬರೆದ ಸೂಪರ್ ಬಂತೋ ಇಲ್ಲವೋ ಅಂತ ಕೆಲಸಗಾರ ಮುಂದಿನ ಸ್ವಿಂಗ್‌ಗೆ (ಗಣಿಯ ಸರದಿಗೆ) ಹೋಗೋ ಮೊದಲೇ ಫೋನಿನಲ್ಲಿ ನೋಡಿಬಿಡಬಹುದು.

ನಾನು ಪೆಟ್ಟು ತಿಂದ ಎರಡು ಜಾಗ ಹೇಳುತ್ತೇನೆ.

ಒಂದು, ರಾತ್ರಿ ಪಾಳಿ. ನಮ್ಮ ಪೇ ಪೀರಿಯಡ್ ಭಾನುವಾರ ಮಧ್ಯರಾತ್ರಿ ಮುಗಿಯುತ್ತಿತ್ತು. ಭಾನುವಾರ ಸಂಜೆ ಆರಕ್ಕೆ ಇಳಿದವರು ಸೋಮವಾರ ಬೆಳಿಗ್ಗೆ ಆರಕ್ಕೆ ಹೊರಬರುತ್ತಿದ್ದರು. ಸಾಫ್ಟ್‌ವೇರ್ ಆ ಶಿಫ್ಟನ್ನು ಅರ್ಧಕ್ಕೆ ಕತ್ತರಿಸಿ ಆರು ಗಂಟೆಯನ್ನು ಮುಂದಿನ ಪೀರಿಯಡ್‌ಗೆ ಎಸೆಯಿತು. ಪೇಸ್ಲಿಪ್‌ನಲ್ಲಿ 96ರ ಬದಲು 90. ಗುರುವಾರ ಒಂದರ ಹಿಂದೆ ಒಂದು ಫೋನು. ದುಡ್ಡು ಎಲ್ಲೂ ಹೋಗಿರಲಿಲ್ಲ, ಆದರೆ ಸಾವಿರದ ಮುನ್ನೂರು ಕಿಲೋಮೀಟರ್ ದೂರದಲ್ಲಿ ಕೂತು ಅದನ್ನು ನಂಬಿ ಅಂದರೆ ಯಾರು ನಂಬುತ್ತಾರೆ? 8/6 ಅಂದರೆ 14 ದಿನ, ಎರಡು ವಾರದ ಪೇ ರನ್‌ಗೆ ಸರಿಯಾಗಿ ಕೂರುತ್ತದೆ. ಪೀರಿಯಡ್ ಮುಗಿಯುವ ದಿನವನ್ನು ಜನ ಬದಲಾಗುವ ದಿನಕ್ಕೆ ತಂದುಕೊಂಡರೆ ಅರ್ಧ ತಲೆನೋವು ಹೋಗುತ್ತದೆ.

ಎರಡು, ಸರ್ಕಾರಿ ರಜೆ. ನಮ್ಮ ಒಬ್ಬ ಮೆಕ್ಯಾನಿಕ್ ಮನೆ ಬ್ರಿಸ್ಬೇನ್‌ನಲ್ಲಿ, ಕೆಲಸ ಪಿಲ್ಬರಾದಲ್ಲಿ. ಸಾಫ್ಟ್‌ವೇರ್ ಮನೆ ವಿಳಾಸ ನೋಡಿ ಕ್ವೀನ್ಸ್‌ಲ್ಯಾಂಡ್ ಕ್ಯಾಲೆಂಡರ್ ಹಾಕಿತ್ತು. ಲೇಬರ್ ಡೇ ಇಲ್ಲಿ ಮಾರ್ಚ್‌ನಲ್ಲಿ, ಅಲ್ಲಿ ಮೇನಲ್ಲಿ. ರಾಜನ ಹುಟ್ಟುಹಬ್ಬ ಇಲ್ಲಿ ಸೆಪ್ಟೆಂಬರ್‌ನಲ್ಲಿ, ಅಲ್ಲಿ ಅಕ್ಟೋಬರ್‌ನಲ್ಲಿ. ಕಾಯ್ದೆ ಕೇಳುವುದು ಮನೆ ಎಲ್ಲಿದೆ ಅಂತಲ್ಲ, ಕೆಲಸದ ಲೆಕ್ಕಕ್ಕೆ ಅವರ ನೆಲೆ ಎಲ್ಲಿ ಅಂತ. ಒಂದು ವರ್ಷದ ರಜೆ ದುಡ್ಡನ್ನು ವಾಪಸ್ ಲೆಕ್ಕ ಹಾಕಿ ಕೊಟ್ಟೆ.

ಉತ್ತರ: ಕ್ವೀನ್ಸ್‌ಲ್ಯಾಂಡ್, ಲೇಬರ್ ಹೈರ್ (ಬೇರೆ ಕಂಪನಿಗಳಿಗೆ ಕೆಲಸಗಾರರನ್ನು ಒದಗಿಸುವ ಕಡೆ)

ಆ 40 ಜನರಲ್ಲಿ ಕ್ಯಾಶುಯಲ್ (ಕಾಯಂ ಅಲ್ಲದ, ಸಂಬಳ ಸಹಿತ ವಾರ್ಷಿಕ ರಜೆ ಇಲ್ಲದವರು) ಎಷ್ಟು ಜನ ಅಂತ ಮೊದಲು ಎಣಿಸಿ ಅಕ್ಕ. ಇದ್ದರೆ 25% ಕ್ಯಾಶುಯಲ್ ಲೋಡಿಂಗ್ ಬೇರೆ ಸಾಲಿನಲ್ಲಿ ಬರಲೇಬೇಕು.

ಇದರ ಹಿಂದೆ ಒಂದು ದೊಡ್ಡ ಕಥೆಯೇ ಇದೆ. ನಮ್ಮ ಕ್ಲರ್ಮಾಂಟ್ ಕಲ್ಲಿದ್ದಲು ಗಣಿಯಲ್ಲಿ ಒಬ್ಬ ಡಂಪ್ ಟ್ರಕ್ ಚಾಲಕ ಇದ್ದ. ವರ್ಕ್‌ಪ್ಯಾಕ್ ಅನ್ನುವ ಲೇಬರ್ ಹೈರ್ ಕಂಪನಿಯ ಮೂಲಕ, ಹೆಸರಿಗೆ ಕ್ಯಾಶುಯಲ್. ಏಳು ದಿನ ಕೆಲಸ, ಏಳು ದಿನ ರಜೆ, ಹನ್ನೆರಡೂವರೆ ಗಂಟೆಯ ಶಿಫ್ಟ್, ರೋಸ್ಟರ್ ಒಂದು ವರ್ಷ ಮೊದಲೇ ಕೈಯಲ್ಲಿ. ಗಂಟೆಗೆ ಒಂದೇ ದರ, ಅದರಲ್ಲಿ ಲೋಡಿಂಗ್ ಎಷ್ಟು ಅಂತ ಬಿಡಿಸಿ ಹೇಳಿರಲಿಲ್ಲ. ಇವನು ಕ್ಯಾಶುಯಲ್ಲೇ ಅಲ್ಲ, ವಾರ್ಷಿಕ ರಜೆಯ ದುಡ್ಡು ಕೊಡಿ ಅಂತ 2018ರಲ್ಲಿ ಫೆಡರಲ್ ಕೋರ್ಟ್‌ನ ಪೂರ್ಣ ಪೀಠ ಹೇಳಿತು. 2021ರಲ್ಲಿ ಅದೇ ಕಂಪನಿಯ ಇನ್ನೊಂದು ಕೇಸಿನಲ್ಲಿ ಹೈಕೋರ್ಟ್ ಆ ವಾದವನ್ನು ತಿರುಗಿಸಿತು. (ಇಲ್ಲಿ ಎಲ್ಲಕ್ಕಿಂತ ಮೇಲಿನ ಕೋರ್ಟ್‌ನ ಹೆಸರೇ ಹೈಕೋರ್ಟ್.) 2024ರ ಆಗಸ್ಟ್ 26ರಿಂದ ಕ್ಯಾಶುಯಲ್ ಅಂದರೆ ಯಾರು ಅನ್ನುವ ವ್ಯಾಖ್ಯೆಯೂ ಮತ್ತೆ ಬದಲಾಗಿದೆ. ಈಗ ಕಾಗದದ ಮೇಲೆ ಏನು ಬರೆದಿದೆ ಅನ್ನೋದಷ್ಟೇ ಅಲ್ಲ, ನಿಜವಾಗಿ ಕೆಲಸ ಹೇಗೆ ನಡೀತಿದೆ ಅಂತಲೂ ನೋಡುತ್ತಾರೆ.

ನಾಳೆ ಇದು ಇನ್ನೊಮ್ಮೆ ತಿರುಗಿದರೂ ಲೋಡಿಂಗ್ ಸಾಲು ಬೇರೆ ಇದ್ದರೆ "ಇಷ್ಟು ಆಗಲೇ ಕೊಟ್ಟಿದ್ದೇವೆ" ಅಂತ ತೋರಿಸೋಕಾದರೂ ಆಗುತ್ತದೆ. ನಿಮ್ಮ ಬಾಸ್‌ಗೆ ಕಾನೂನು ಹೇಳಿದರೆ ಕೇಳಲ್ಲ ಅನ್ನಿಸಿದರೆ ಈ ಕೇಸು ಹೇಳಿ.

ಉತ್ತರ: ಬೆಂಗಳೂರು, ಆಸ್ಟ್ರೇಲಿಯಾ ಪೇರೋಲ್ ಟೀಮ್

ನಾವು ಇಲ್ಲಿಂದಲೇ ಒಂದು ಗಣಿ ಗುತ್ತಿಗೆದಾರರ ಪೇರೋಲ್ ನಡೆಸುತ್ತೇವೆ. ಪರ್ತ್ ನಮಗಿಂತ ಎರಡೂವರೆ ಗಂಟೆ ಮುಂದೆ. ಸಂಬಳ ಗುರುವಾರ ಬಿತ್ತು, ಶುಕ್ರವಾರ ನಮಗೆ ಗಣೇಶ ಹಬ್ಬದ ರಜೆ. ಅವರಿಗೆ ಅದು ಮಾಮೂಲಿ ಕೆಲಸದ ದಿನ. ಪೇಸ್ಲಿಪ್ ಸೋಮವಾರ ಹೋಯಿತು, ನಿಯಮ ಮುರಿಯಿತು. ಈಗ ಪೇ ರನ್ ಮುಗಿಸುವಾಗಲೇ ಇಮೇಲ್ ಹೋಗುವ ಹಾಗೆ ಕಟ್ಟಿಟ್ಟಿದ್ದೇವೆ.

ಹೇಳಲೇಬೇಕಾದ ಒಂದು ವಿಷಯ. ಮನೆಯಲ್ಲಿ ದೌರ್ಜನ್ಯಕ್ಕೆ ಒಳಗಾದವರಿಗೆ ಅಲ್ಲಿ ವರ್ಷಕ್ಕೆ 10 ದಿನ ಸಂಬಳ ಸಹಿತ ರಜೆ ಇದೆ. ಆ ರಜೆಯ ಹೆಸರಾಗಲಿ, ಬಾಕಿ ದಿನಗಳಾಗಲಿ ಪೇಸ್ಲಿಪ್ ಮೇಲೆ ಬರಲೇಬಾರದು. 2023ರ ಜೂನ್ 4ರಿಂದ ಕಡ್ಡಾಯ. ಆ ದಿನಗಳನ್ನು ಕೆಲಸ ಮಾಡಿದ ಹಾಗೆಯೇ, ಉದಾಹರಣೆಗೆ ಮಾಮೂಲಿ ಗಂಟೆ ಅಂತ ತೋರಿಸಬೇಕು. ನಮ್ಮ ಟೆಸ್ಟ್ ರನ್‌ನಲ್ಲಿ ರಜೆಯ ಪೂರ್ತಿ ಹೆಸರು ಕೊನೆಯ ಡಬ್ಬಿಯಲ್ಲಿ ಅಚ್ಚಾಗಿ ಬಂತು. ಮೇಲಿನ ಸಾಲುಗಳನ್ನು ಸರಿಮಾಡಿದ್ದೆವು, ರಜೆ ಬಾಕಿಯ ಡಬ್ಬಿ ಮರೆತಿದ್ದೆವು. ಮೇಜಿನ ಆಚೆ ಕೂತ ಹುಡುಗಿ ನೋಡಿ "ಇದನ್ನ ಗಂಡನೇ ಓದಿದ್ರೆ?" ಅಂದಳು. ಅವತ್ತು ಯಾರೂ ಊಟಕ್ಕೆ ಏಳಲಿಲ್ಲ, ಆ ಡಬ್ಬಿ ಸರಿಯಾಗುವವರೆಗೆ.

ಉತ್ತರ: ಡಂಪ್ ಟ್ರಕ್ ಓಡಿಸುವವನು

ನಾನು ಪೇಸ್ಲಿಪ್ ತಗೊಳ್ಳುವ ಕಡೆಯವನು. ನಮ್ಮದು ಕೆಜಿಎಫ್. ಊರಲ್ಲಿ ಜನ ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ, ಇಲ್ಲಿ ನಾನು ವಿಮಾನ ಹತ್ತಿ ಗಣಿಗೆ. ಅಷ್ಟೇ ವ್ಯತ್ಯಾಸ.

ನಮ್ಮ ಕಷ್ಟ ಏನಂದ್ರೆ, ರಾತ್ರಿ ಎಂಟು ಗಂಟೆಗೆ ಕ್ಯಾಂಪ್‌ನಲ್ಲಿ ಎಲ್ಲರೂ ಮನೆಗೆ ವಿಡಿಯೋ ಕಾಲ್ ಮಾಡುತ್ತಿರುತ್ತಾರೆ, ನೆಟ್ ಸಾಯುತ್ತದೆ. ಆಗ ಕಂಪನಿ ಆ್ಯಪ್‌ಗೆ ಲಾಗಿನ್ ಆಗಿ, ಕೋಡ್ ಬರೋಕೆ ಕಾದು, ಪೇಸ್ಲಿಪ್ ನೋಡಿ ಅಂದರೆ ಆಗಲ್ಲ. ಇಮೇಲ್‌ಗೆ ಸಣ್ಣ ಪಿಡಿಎಫ್ ಕಳಿಸಿ ಸಾಕು. ರಜೆ ಎಷ್ಟು ಉಳಿದಿದೆ ಅಂತಲೂ ಹಾಕಿ. ಕಡ್ಡಾಯ ಅಲ್ಲ ಅಂತಾರೆ, ಆದರೆ ಅದಿಲ್ಲದಿದ್ದರೆ ನಾನು ನಿಮಗೇ ಫೋನ್ ಮಾಡುತ್ತೇನೆ ಅಲ್ವಾ?

ದೂರದ ಪ್ರದೇಶದ ಟ್ಯಾಕ್ಸ್ ರಿಯಾಯಿತಿ ಯಾಕೆ ಹಾಕಿಲ್ಲ ಅಂತಲೂ ಹುಡುಗರು ಕೇಳುತ್ತಾರೆ, ತಯಾರಾಗಿರಿ. 2015ರ ಜುಲೈ 1ರಿಂದ ಮನೆ ಎಲ್ಲಿದೆಯೋ ಅದೇ ಲೆಕ್ಕ. ಪರ್ತ್‌ನಲ್ಲಿ ಮನೆ ಇಟ್ಟುಕೊಂಡು ಪಿಲ್ಬರಾಗೆ ಹೋಗಿ ಬರುವವರಿಗೆ ಅದು ಸಿಗಲ್ಲ. ಇದನ್ನು ನಾನೇ ಮೂರು ಜನಕ್ಕೆ ಹೇಳಿ ಬೈಸಿಕೊಂಡಿದ್ದೇನೆ.

ಕೇಳಿದವರು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎರಡು ದಿನ ಆಯಿತು ಸೇರಿ. ಕ್ಯಾಶುಯಲ್ 11 ಜನ, ಲೋಡಿಂಗ್ ಸಾಲು ಯಾರಿಗೂ ಇಲ್ಲ. ಇಬ್ಬರು ಸೂಪರ್‌ವೈಸರ್‌ಗಳಿಗೆ ವರ್ಷದ ಸಂಬಳ, ಅವರದು 14/7 ರೋಸ್ಟರ್. "ಅವರ ಗಂಟೆ ಬರೆಯೋದು ಬೇಡ, ಸಂಬಳ ಫಿಕ್ಸ್" ಅಂದರು ಬಾಸ್. ಆಮೇಲೆ ಹೋದ ವಾರ ಒಬ್ಬ ಹುಡುಗ ಫ್ಲೈಟ್ ತಪ್ಪಿಸಿಕೊಂಡನಂತೆ, ಟಿಕೆಟ್ ದುಡ್ಡು ಈ ಸಂಬಳದಲ್ಲಿ ಹಿಡ್ಕೊಳ್ಳಿ ಅಂತಿದ್ದಾರೆ. ಹಿಡೀಬಹುದಾ?

ಉತ್ತರ: ಪರ್ತ್, ಪೇರೋಲ್‌ನಲ್ಲಿ ಒಂಬತ್ತು ವರ್ಷ

ಟಿಕೆಟ್ ದುಡ್ಡು ಮುಟ್ಟಬೇಡಿ. ಸಂಬಳದಿಂದ ಹಿಡಿಯಬೇಕಾದರೆ ಕೆಲಸಗಾರ ಬರೆದು ಒಪ್ಪಿರಬೇಕು, ಮತ್ತು ಅದು ಮುಖ್ಯವಾಗಿ ಅವನ ಒಳ್ಳೆಯದಕ್ಕೇ ಆಗಿರಬೇಕು. ಕಂಪನಿಯ ನಷ್ಟ ತುಂಬಿಕೊಳ್ಳೋದು ಅವನ ಒಳ್ಳೆಯದು ಹೇಗಾಗುತ್ತದೆ? ಬಾಸ್ ಮತ್ತೆ ಹೇಳಿದರೆ "ಇಮೇಲ್‌ನಲ್ಲಿ ಬರೆದು ಕಳಿಸಿ ಸರ್" ಅನ್ನಿ. ನನ್ನ ಅನುಭವದಲ್ಲಿ ಆ ಇಮೇಲ್ ಬರುವುದೇ ಇಲ್ಲ.

ಸೂಪರ್‌ವೈಸರ್‌ಗಳ ವಿಷಯ ಇದಕ್ಕಿಂತ ಗಂಭೀರ. 14/7 ಅಂದರೆ 21 ದಿನದ ಸುತ್ತು, ಎರಡು ವಾರದ ಪೇ ರನ್‌ಗೆ ಕೂರಲ್ಲ. ದಿನಕ್ಕೆ 12 ಗಂಟೆ ಹಿಡಿದರೆ ಒಂದು ಪೀರಿಯಡ್‌ನಲ್ಲಿ 168 ಗಂಟೆ, ಮುಂದಿನ ಎರಡರಲ್ಲಿ 84, 84. ಸಂಬಳ ಮಾತ್ರ ಮೂರೂ ಸಲ ಒಂದೇ. ವರ್ಷದ ಕೊನೆಗೆ ಸರಿಹೋಗುತ್ತೆ ಬಿಡಿ ಅಂತ ಎಲ್ಲರೂ ಅಂದುಕೊಂಡಿದ್ದೆವು. 2025ರ ಸೆಪ್ಟೆಂಬರ್ 5ರಂದು ವೂಲ್‌ವರ್ಥ್ಸ್ ಮತ್ತು ಕೋಲ್ಸ್ (ಇಲ್ಲಿನ ಎರಡು ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿಗಳು) ಸಂಬಳದ ಕೇಸಿನಲ್ಲಿ ಫೆಡರಲ್ ಕೋರ್ಟ್ ಹಾಗಲ್ಲ ಅಂದಿತು. ಒಂದು ಪೇ ಪೀರಿಯಡ್‌ನಲ್ಲಿ ಜಾಸ್ತಿ ಕೊಟ್ಟಿದ್ದನ್ನು ಇನ್ನೊಂದರ ಕೊರತೆಗೆ ಹೊಂದಿಸಿಕೊಳ್ಳುವ ಹಾಗಿಲ್ಲ. ಅದು ಅಂಗಡಿ ಮ್ಯಾನೇಜರ್‌ಗಳ ಕೇಸು ನಿಜ. ಆದರೆ ನಿಮ್ಮ ಸೂಪರ್‌ವೈಸರ್‌ಗಳಿಗೆ ಅವಾರ್ಡ್ ಅನ್ವಯಿಸುವುದಾದರೆ ಆ 168 ಗಂಟೆಯ ಪೀರಿಯಡ್ ನೋಡಿದರೆ ನನಗೆ ಬೆವರು ಬರುತ್ತದೆ. ಗಂಟೆ ಬರೆದಿಟ್ಟಿಲ್ಲ ಅಂದರೆ ಜಗಳ ಬಂದಾಗ ತಾನು ಸರಿಯಾಗಿ ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ಕಂಪನಿಯ ಮೇಲೇ ಬೀಳುತ್ತದೆ. 2025ರ ಜನವರಿ 1ರಿಂದ ಬೇಕಂತಲೇ ಕಡಿಮೆ ಕೊಡುವುದು ಕ್ರಿಮಿನಲ್ ಅಪರಾಧವೂ ಹೌದು. ಗಂಟೆ ಬರೆಸಿ.

ಕೇಳಿದವರು:

ಸರಿ ಸರ್, ಇವತ್ತೇ ಶುರು ಮಾಡುತ್ತೇನೆ. ಟೈಮ್‌ಶೀಟ್ ಈಗ ಬರುವುದು ವಾಟ್ಸಾಪ್ ಫೋಟೋದಲ್ಲಿ. ಕೆಂಪು ಮಣ್ಣು ಮೆತ್ತಿದ ಕಾಗದ, 6 ಯಾವುದು 8 ಯಾವುದು ಗೊತ್ತಾಗಲ್ಲ. ಎಕ್ಸೆಲ್‌ಗೆ ಹಾಕಿಕೊಂಡ ಮೇಲೆ ಫೋನಿಂದ ಅಳಿಸಿಬಿಡಲಾ? ಜಾಗ ತುಂಬಿದೆ.

ಉತ್ತರ: ಪರ್ತ್, ಪೇರೋಲ್‌ನಲ್ಲಿ ಒಂಬತ್ತು ವರ್ಷ

ಅಯ್ಯೋ, ಬೇಡ ಬೇಡ. ಆಫೀಸಿನ ಡ್ರೈವ್‌ಗೆ ಹಾಕಿ, ಹೆಸರು ಮತ್ತು ತಾರೀಖಿನ ಸಮೇತ. ಏಳು ವರ್ಷ ಇಡಬೇಕು. ಮತ್ತೆ 6 ಯಾವುದು 8 ಯಾವುದು ಅಂತ ಅವರಿಗೆ ಇವತ್ತೇ ಫೋನ್ ಮಾಡಿ ಕೇಳಿ, ಸಂಜೆ ಎಂಟಕ್ಕೆ ಮೊದಲು.