ಕಾಲೇಜಲ್ಲಿ ಎಲ್ಲರನ್ನೂ ಒಳಗೊಳ್ಳುವ ಕೆಲಸ: ವಿದ್ಯಾರ್ಥಿ ಸಂಘ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ

ವಿದ್ಯಾರ್ಥಿ ಸಂಘದಲ್ಲಿ ಹೊಸದಾಗಿ ಒಳಗೊಳ್ಳುವಿಕೆ ಸಮಿತಿ ಮಾಡಿದ್ದೇವೆ. ‘ವೈವಿಧ್ಯ ದಿನ’ ಅಂತ ವರ್ಷಕ್ಕೊಂದು ಕಾರ್ಯಕ್ರಮ ಆಗುತ್ತೆ, ಆದರೆ ಬರೋದು ಅವೇ ಮುಖಗಳು. ಇರೋದು ಒಂದೇ ಸೆಮಿಸ್ಟರ್, ದುಡ್ಡೂ ಕಡಿಮೆ. ಮೊದಲು ಸಮೀಕ್ಷೆ ಮಾಡೋಣ ಅಂತ ಅರ್ಧ ಜನ, ಅದರಿಂದ ಏನೂ ಆಗಲ್ಲ ಅಂತ ಇನ್ನರ್ಧ. ಯಾವುದು ಸರಿ?

ಉತ್ತರ 1

ಸಮೀಕ್ಷೆ ಮಾಡಿ. ಆದರೆ ‘ನೀವು ಯಾರು’ ಅಂತ ಕೇಳಬೇಡಿ, ‘ನೀವು ಬರದಂತೆ ತಡೆದದ್ದೇನು’ ಅಂತ ಕೇಳಿ. ಸಮಯ, ಜಾಗ, ಭಾಷೆ, ಖರ್ಚು, ಗೊತ್ತಿರೋರು ಯಾರೂ ಇಲ್ಲದಿರೋದು, ಗೇಲಿ ಮಾಡ್ತಾರೆ ಅನ್ನೋ ಭಯ: ಇಷ್ಟನ್ನು ಟಿಕ್ ಮಾಡೋ ಹಾಗೆ ಕೊಟ್ಟು, ಕೊನೆಗೆ ಬರೆಯೋಕೆ ಒಂದು ಖಾಲಿ ಜಾಗ ಬಿಡಿ. ಆರು ಪ್ರಶ್ನೆ ಸಾಕು.

ಹೆಚ್ಚು ಸಲ ಎಡವೋದು ಗೋಪ್ಯತೆಯಲ್ಲಿ. ಹೆಸರು ಕೇಳಿಲ್ಲ ಅಂದ ಮಾತ್ರಕ್ಕೆ ಅದು ಅನಾಮಧೇಯ ಆಗಲ್ಲ. ವಿಭಾಗ, ವರ್ಷ, ಲಿಂಗ ಮೂರನ್ನೂ ಕೇಳಿದಿರಿ ಅಂದುಕೊಳ್ಳಿ. ಒಂದು ವಿಭಾಗದ ಮೂರನೇ ವರ್ಷದಲ್ಲಿ ಹುಡುಗಿ ಒಬ್ಬಳೇ ಇದ್ದರೆ ಆ ಸಾಲೇ ಅವಳ ಹೆಸರು. ಹಾಗಾಗಿ ಇವುಗಳಲ್ಲಿ ಒಂದನ್ನು ಮಾತ್ರ ಕೇಳಿ, ಐದಕ್ಕಿಂತ ಕಡಿಮೆ ಜನ ಇರೋ ಗುಂಪಿನ ಅಂಕಿ ಪ್ರಕಟಿಸಬೇಡಿ. ಗೂಗಲ್ ಫಾರ್ಮ್ ಆದರೆ ಇಮೇಲ್ ಸಂಗ್ರಹ ಆಫ್ ಮಾಡಿ. ‘ಒಬ್ಬರಿಗೆ ಒಂದೇ ಉತ್ತರ’ ಅನ್ನೋ ಮಿತಿಯನ್ನೂ ತೆಗೆಯಿರಿ. ಅದಿದ್ದರೆ ಲಾಗಿನ್ ಕೇಳುತ್ತೆ, ಲಾಗಿನ್ ನೋಡಿದ ತಕ್ಷಣ ಹೆದರಿದವರು ಫಾರ್ಮ್ ಮುಚ್ಚಿಬಿಡ್ತಾರೆ. ನಮಗೆ ಬೇಕಾಗಿರೋದು ಅವರ ಉತ್ತರವೇ.

ಎರಡು ವಾರದೊಳಗೆ ಫಲಿತಾಂಶ ನೋಟಿಸ್ ಬೋರ್ಡಿಗೆ ಬರಲಿ. ತಡವಾದರೆ ಮುಂದಿನ ಸಲ ಯಾರೂ ತುಂಬಲ್ಲ.

ಉತ್ತರ 2

ಸಮೀಕ್ಷೆ ನಡೀತಿರೋವಾಗಲೇ ಒಂದು ಟೇಪ್ ಹಿಡಿದು ಸಭಾಂಗಣ ಅಳೆಯಿರಿ. ಇದಕ್ಕೆ ಯಾರ ಉತ್ತರಕ್ಕೂ ಕಾಯಬೇಕಿಲ್ಲ.

ರ‍್ಯಾಂಪ್ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ 15 ಸೆಂ.ಮೀ. ಮೆಟ್ಟಿಲಿಗೆ 180 ಸೆಂ.ಮೀ. ಉದ್ದ ಬೇಕು. ಸಾಮಾನ್ಯವಾಗಿ ಮೂಲೆಯಲ್ಲಿ ಸಿಕ್ಕ ಮೋಟು ಹಲಗೆ ಇಟ್ಟು ‘ರ‍್ಯಾಂಪ್ ಆಯ್ತು’ ಅಂತಾರೆ. ಅದರ ಮೇಲೆ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತೆ. ಬಾಗಿಲನ್ನು 90 ಡಿಗ್ರಿ ತೆರೆದು, ಬಾಗಿಲಿನ ಹಲಗೆಯಿಂದ ಎದುರಿನ ಚೌಕಟ್ಟಿನವರೆಗೆ ಅಳೆಯಿರಿ. 80 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಬೇರೆ ಕೋಣೆ ನೋಡಿ. ಒಳಗೆ ಗಾಲಿಕುರ್ಚಿ ತಿರುಗಿಸೋಕೆ 150 ಸೆಂ.ಮೀ. ವ್ಯಾಸದ ಖಾಲಿ ಜಾಗ ಇರಬೇಕು.

ಎಲ್ಲರೂ ಮರೆಯೋದು ವೇದಿಕೆ. ಸಭಾಂಗಣಕ್ಕೆ ರ‍್ಯಾಂಪ್ ಇರುತ್ತೆ, ಬಹುಮಾನ ತಗೊಳ್ಳೋಕೆ ಮಾತ್ರ ಮೆಟ್ಟಿಲು ಹತ್ತಬೇಕು. 60 ಸೆಂ.ಮೀ. ಎತ್ತರಕ್ಕೆ 7 ಮೀಟರಿಗೂ ಉದ್ದದ ರ‍್ಯಾಂಪ್ ಬೇಕಾಗುತ್ತೆ, ಅದು ಕಷ್ಟ. ಹಾಗಾಗಿ ಬಹುಮಾನ ವಿತರಣೆಯನ್ನೇ ಎಲ್ಲರಿಗೂ ಕೆಳಗೆ ನೆಲದ ಮೇಲೆ ಮಾಡಿ. ಒಬ್ಬರಿಗೆ ಮಾತ್ರ ಕೆಳಗಿಳಿದು ಬಂದು ಕೊಡೋದು, ಅಥವಾ ನಾಲ್ಕು ಜನ ಕುರ್ಚಿ ಎತ್ತಿ ಮೇಲಿಡೋದು ಎರಡೂ ಅವಮಾನ.

‘ನನ್ನ ದನಿ ಜೋರಿದೆ, ಮೈಕ್ ಬೇಡ’ ಅನ್ನೋದನ್ನು ಒಪ್ಪಬೇಡಿ. ಸಭೆಯಿಂದ ಬರೋ ಪ್ರಶ್ನೆಗೂ ಮೈಕ್ ಕೊಡಿ. ಸಂಜ್ಞಾಭಾಷೆ ಅನುವಾದಕರು ಇಬ್ಬರು ಬೇಕು, ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ಬದಲಾಗ್ತಾರೆ. ಸ್ಲೈಡಿಗಾಗಿ ಲೈಟ್ ಆರಿಸಿದಾಗ ಅವರ ಮೇಲಿನ ಬೆಳಕು ಉಳಿಯಲಿ. ಪೋಸ್ಟರನ್ನು ಬರೀ ಚಿತ್ರವಾಗಿ ವಾಟ್ಸಾಪ್‌ಗೆ ಹಾಕಬೇಡಿ, ಕೆಳಗೆ ಅದೇ ವಿವರ ಅಕ್ಷರದಲ್ಲಿ ಬರೆಯಿರಿ, ಕಣ್ಣು ಕಾಣದವರಿಗೆ ಪರದೆಯ ಅಕ್ಷರ ಓದಿ ಹೇಳೋ ಸ್ಕ್ರೀನ್ ರೀಡರ್ ತಂತ್ರಾಂಶ ಅದನ್ನು ಓದಬೇಕಲ್ಲ.

ಉತ್ತರ 3

ಮೇಲಿನ ಎರಡೂ ಸರಿ, ಆದರೆ ಸಮಿತಿಗೆ ಅಧಿಕಾರ ಇಲ್ಲದಿದ್ದರೆ ಇವೆಲ್ಲ ಬರೀ ಸಲಹೆಯಾಗಿ ಉಳಿಯುತ್ತೆ. ಸಂಘದ ನಿಯಮಾವಳಿಗೆ ಒಂದು ಸಾಲು ಸೇರಿಸಿ: ಯಾವುದೇ ಕ್ಲಬ್ಬಿಗೆ ಕಾರ್ಯಕ್ರಮದ ಹಣ ಬಿಡುಗಡೆ ಆಗೋ ಮೊದಲು ಒಂದು ಪುಟದ ಪರಿಶೀಲನಾಪಟ್ಟಿ ತುಂಬಿರಬೇಕು. ಖಜಾಂಚಿ ಸಹಿ ಅದಿಲ್ಲದೆ ಬೀಳಬಾರದು. ಪದಾಧಿಕಾರಿಗಳು ಬದಲಾದರೂ ಅದು ಉಳಿಯುತ್ತೆ.

ಸಮಿತಿಯಲ್ಲಿ ಪ್ರತಿ ಸಮುದಾಯದಿಂದ ಒಬ್ಬೊಬ್ಬರು ಅಂತ ಲೆಕ್ಕ ಹಾಕಬೇಡಿ. ಒಬ್ಬರೇ ಇದ್ದರೆ ಅವರು ಏನು ಹೇಳಿದರೂ ‘ಅವರೆಲ್ಲರ ಅಭಿಪ್ರಾಯ’ ಆಗಿಬಿಡುತ್ತೆ, ಭಾರ ತಡೆಯಲಾರದೆ ಬಿಟ್ಟು ಹೋಗ್ತಾರೆ. ಇಬ್ಬರು ಮೂವರು ಇದ್ದರೆ ತಮ್ಮೊಳಗೇ ಭಿನ್ನಾಭಿಪ್ರಾಯ ಹೇಳೋ ಧೈರ್ಯ ಬರುತ್ತೆ. ಸಭೆಯ ವಿಷಯಗಳನ್ನು ಮೂರು ದಿನ ಮುಂಚೆ ಬರಹದಲ್ಲಿ ಕಳಿಸಿ. ಎಲ್ಲರೂ ಒಂದು ಸಲ ಮಾತಾಡೋವರೆಗೆ ಯಾರೂ ಎರಡನೇ ಸಲ ಮಾತಾಡಬಾರದು.

ಪ್ರಶ್ನೆ ಕೇಳಿದವರು

ಧನ್ಯವಾದ. ಇನ್ನೊಂದು. ಕಿರುಕುಳ, ತಾರತಮ್ಯದ ದೂರು ನೇರ ನಮ್ಮ ಹತ್ತಿರ ಬಂದರೆ?

ಉತ್ತರ 3

ತನಿಖೆಗೆ ಇಳಿಯಲೇಬೇಡಿ. ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸೋದಂತೂ ಬೇಡವೇ ಬೇಡ, ದೂರು ಕೊಟ್ಟವರ ಮೇಲೆ ಒತ್ತಡ ಬೀಳುತ್ತೆ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡುವ ಮುಂಚೆ ಯೋಚಿಸಿ, ಜೀವಕ್ಕೆ ಅಪಾಯ ಇದ್ದರೆ ಹೇಳಲೇಬೇಕಾಗುತ್ತೆ. ಪೂರ್ತಿ ಕೇಳಿ, ಅವರಿಗೆ ಏನು ಬೇಕು ಅಂತ ಕೇಳಿ, ಕಾಲೇಜಿನ ಅಧಿಕೃತ ದೂರು ಸಮಿತಿಯ ದಾರಿ ತೋರಿಸಿ, ಬಯಸಿದರೆ ಜೊತೆಗೆ ಹೋಗಿ. ಮೆಸೇಜು, ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಳ್ಳೋಕೆ ಅವರಿಗೆ ಹೇಳಿ. ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಹೆಸರಾಗಲಿ, ತರಗತಿಯಾಗಲಿ ಒಮ್ಮೆಯೂ ಬರಬಾರದು.