ರಾತ್ರಿ ಪಾಳಿಯ ಚಹಾ: ಎಷ್ಟು ಕುಡಿಯಬಹುದು, ಎಷ್ಟು ಹೊತ್ತಿಗೆ ನಿಲ್ಲಿಸಬೇಕು?

ಪ್ರಶ್ನೆ: ಪಾಳಿಗಾರ, ರಾಯಚೂರು

ಎಲ್ಲರಿಗೂ ನಮಸ್ಕಾರ. ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಲ್ಲಿ ಕೆಲಸ ಮಾಡುವ ನನಗೆ ವಾರಗಟ್ಟಲೆ ರಾತ್ರಿ ಪಾಳಿ ಬೀಳುತ್ತದೆ. ಹತ್ತಕ್ಕೆ ಒಳಗೆ ಹೋದರೆ ಬೆಳಿಗ್ಗೆ ಆರಕ್ಕೆ ಹೊರಗೆ. ಗೇಟಿನ ಎದುರಿನ ಅಂಗಡಿಯಿಂದ ಥರ್ಮಾಸಿನಲ್ಲಿ ಬರುವ ಖಡಕ್ ಚಹಾವನ್ನು ಸಣ್ಣ ಕಾಗದದ ಲೋಟದಲ್ಲಿ ಏಳೆಂಟು ಸಲವಾದರೂ ಕುಡಿಯುತ್ತೇನೆ. ಕೊನೆಯದು ಐದು ಗಂಟೆಗೆ. ಎಂಟಕ್ಕೆ ಮಲಗಿದರೆ ನಿದ್ದೆ ಹತ್ತುವುದಿಲ್ಲ, ಹತ್ತಿದರೂ ಹನ್ನೊಂದಕ್ಕೆ ಎಚ್ಚರವಾಗುತ್ತದೆ. ಬಿಸಿಲಿನ ದೋಷವೆಂದು ಕೂಲರ್ ಹಾಕಿಸಿದ್ದೂ ಆಯಿತು. ಬೇಸಿಗೆಯಲ್ಲಿ ಚಹಾ ಮೈಯ ನೀರನ್ನೆಲ್ಲ ಎಳೆದುಬಿಡುತ್ತದೆ ಎನ್ನುವುದು ನಿಜವೇ? ಇನ್ನೊಂದು ವಿಷಯ: ನಮ್ಮ ಮನೆಯವರಿಗೆ ರಕ್ತ ಕಡಿಮೆ ಇದೆಯೆಂದು ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದು, ಅವರು ಅದನ್ನು ಬೆಳಗಿನ ಚಹಾದ ಜೊತೆಗೇ ನುಂಗುತ್ತಾರೆ. ಇದು ಸರಿಯೇ?

ಉತ್ತರ: ತೋರಣಗಲ್ಲಿನವ

ಅಣ್ಣಾವ್ರೇ, ಚಹಾವನ್ನೇ ಪೂರ್ತಿ ಬಿಟ್ಟುಬಿಡಿ. ನಮ್ಮ ಪಾಳಿಯಲ್ಲಿ ಒಬ್ಬರು ಒಂದೇ ದಿನಕ್ಕೆ ನಿಲ್ಲಿಸಿದರು. ಮೊದಲೆರಡು ದಿನ ತಲೆನೋವೆಂದು ಒದ್ದಾಡಿದರೂ ಈಗ ಆರಾಮಾಗಿದ್ದಾರೆ.

ಉತ್ತರ: ಔಷಧ ಅಂಗಡಿ, ಬಳ್ಳಾರಿ

ಪೂರ್ತಿ ಬಿಡುವ ಅಗತ್ಯ ನನಗೆ ಕಾಣುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಚಹಾದಲ್ಲಿ ನಿದ್ದೆ ತಡೆಯುವ ಕೆಫೀನ್ ಎಂಬ ಅಂಶ 30ರಿಂದ 65 ಮಿಲಿಗ್ರಾಂ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ದಾಟಬಾರದು. ನಿಮ್ಮ ಕಾಗದದ ಲೋಟ ಆ 150 ಮಿಲಿಲೀಟರಿನ ಅರ್ಧದಷ್ಟು ಹಿಡಿಯುತ್ತದೆ ಎಂದುಕೊಂಡರೆ, ಎಂಟು ಲೋಟ ಕುಡಿದರೂ ನೀವು ಮಿತಿಯ ಒಳಗೇ ಇದ್ದೀರಿ. ಚಹಾ ಕುದಿದು ಖಡಕ್ ಆದಷ್ಟೂ ಕೆಫೀನ್ ಹೆಚ್ಚೆಂದು ಹಲವರು ತಿಳಿದಿದ್ದಾರೆ, ಆದರೆ ಹಾಗಲ್ಲ. ಕೆಫೀನಿನ ಬಹುಪಾಲು ಮೊದಲ ಕೆಲವು ನಿಮಿಷಗಳ ಕುದಿಯಲ್ಲೇ ಇಳಿದಿರುತ್ತದೆ. ಆಮೇಲೆ ಅಂಗಡಿಯ ಒಲೆಯ ಮೇಲೆ ಕುದಿಯುತ್ತ ಕೂತಷ್ಟೂ ಏರುವುದು ಮುಖ್ಯವಾಗಿ ಟ್ಯಾನಿನ್ ಎಂಬ ಅಂಶದ ಒಗರು.

ನಿಮ್ಮ ತೊಂದರೆ ಇರುವುದು ಐದು ಗಂಟೆಯ ಲೋಟದಲ್ಲಿ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತ ಹೋಗಿ ನಮಗೆ ತೂಕಡಿಕೆ ತರಿಸುತ್ತದೆ. ಅದು ಹೋಗಿ ಕೂರಬೇಕಾದ ಜಾಗದಲ್ಲಿ ಕೆಫೀನ್ ಮೊದಲೇ ಕೂತುಬಿಡುವುದರಿಂದ ದಣಿವು ಇದ್ದೂ ಇಲ್ಲದಂತೆ ಕಾಣುತ್ತದೆ. ಕುಡಿದ ಕೆಫೀನಿನ ಅರ್ಧ ಭಾಗ ರಕ್ತದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಅಂದರೆ ಐದಕ್ಕೆ ಕುಡಿದದ್ದು ಹತ್ತರ ಹೊತ್ತಿಗೂ ಅರ್ಧ ಉಳಿದಿರುತ್ತದೆ, ಅದರ ಹಿಂದಿನ ಲೋಟಗಳ ಬಾಕಿ ಬೇರೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕೊಟ್ಟಾಗ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿಮೆಯಾದದ್ದು ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು. ನಿಮ್ಮ ಪ್ರಮಾಣ ಅಷ್ಟಿಲ್ಲ, ಆದರೂ ಎಂಟಕ್ಕೆ ಮಲಗುವವರು ಎರಡು ಗಂಟೆಗೇ ಥರ್ಮಾಸ್ ಮುಚ್ಚುವುದು ಒಳ್ಳೆಯದು. ಪಾಳಿಯ ಮೊದಲರ್ಧದಲ್ಲಿ ಕುಡಿಯಲು ಅಡ್ಡಿಯಿಲ್ಲ.

ತೋರಣಗಲ್ಲಿನ ಗೆಳೆಯರು ಹೇಳಿದ ತಲೆನೋವು ನಿಲ್ಲಿಸಿದ 12ರಿಂದ 24 ಗಂಟೆಯೊಳಗೆ ಶುರುವಾಗಿ ಕೆಲವರಿಗೆ ವಾರದವರೆಗೂ ಕಾಡಬಹುದು. ಬಾಯ್ಲರ್ ಹತ್ತಿರ ಕೆಲಸ ಮಾಡುವವರು ಅದನ್ನು ಮೈಮೇಲೆ ಎಳೆದುಕೊಳ್ಳುವುದೇಕೆ? ಎರಡು ಮೂರು ದಿನಕ್ಕೆ ಒಂದೊಂದೇ ಲೋಟ ಕಡಿಮೆ ಮಾಡಿದರೆ ಸಾಕು. ಮೈಯ ನೀರು ಎಳೆಯುತ್ತದೆ ಎನ್ನುವುದು ಅತಿಶಯೋಕ್ತಿ: ದಿನವೂ ಕುಡಿಯುವವರಲ್ಲಿ ಆ ಪರಿಣಾಮ ಅಲ್ಪ. ಆದರೆ ಬೆವರಿನಲ್ಲಿ ಹೋದ ನೀರು ಮತ್ತು ಉಪ್ಪಿಗೆ ಮಜ್ಜಿಗೆಯೇ ಬೇಕು, ಎಂಟು ಗುಟುಕು ಚಹಾ ಸಾಲದು.

ಪ್ರಶ್ನಿಸಿದವರು

ಧನ್ಯವಾದಗಳು ಸರ್. ಚಹಾದ ಬದಲು ಡಬ್ಬಿಯಲ್ಲಿ ಬರುವ ಎನರ್ಜಿ ಡ್ರಿಂಕ್ ಆಗಬಹುದೇ? ನಮ್ಮ ಹುಡುಗರು ಈಗ ಅದನ್ನೇ ಹಿಡಿದಿದ್ದಾರೆ.

ಉತ್ತರ: ಔಷಧ ಅಂಗಡಿ, ಬಳ್ಳಾರಿ

ಅದರಲ್ಲೂ ಇರುವುದು ಕೆಫೀನೇ. ನಮ್ಮ ದೇಶದ ನಿಯಮದಲ್ಲಿ ಅಂತಹ ಪಾನೀಯಕ್ಕೆ ಲೀಟರಿಗೆ 300 ಮಿಲಿಗ್ರಾಂ ಮಿತಿಯಿದ್ದು, 250 ಮಿಲಿಲೀಟರಿನ ಡಬ್ಬಿಯಲ್ಲಿ ಹೆಚ್ಚೆಂದರೆ 75 ಮಿಲಿಗ್ರಾಂ ಬರುತ್ತದೆ, ಜೊತೆಗೆ ಬೇಡದಷ್ಟು ಸಕ್ಕರೆ. ತಲೆನೋವಿನ ಕೆಲವು ಮಾತ್ರೆಗಳಲ್ಲಿಯೂ ಕೆಫೀನ್ ಸೇರಿರುತ್ತದೆ. ಬೆಳಗಿನ ಜಾವ ಅದನ್ನು ನುಂಗಿ ನಿದ್ದೆ ಬರಲಿಲ್ಲವೆಂದು ಮತ್ತೆ ನಮ್ಮ ಅಂಗಡಿಗೇ ಬರುವವರಿದ್ದಾರೆ.

ಉತ್ತರ: ಆಹಾರ ಸಲಹೆಗಾರ್ತಿ, ಕೊಪ್ಪಳ

ಅಣ್ಣಾವ್ರೇ, ನಿಮ್ಮ ಮನೆಯವರ ವಿಷಯವನ್ನು ಯಾರೂ ಮುಟ್ಟಲಿಲ್ಲ, ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅಲ್ಲಿ ಅಡ್ಡಿಯಾಗುವುದು ಕೆಫೀನ್ ಅಲ್ಲ, ಚಹಾದ ಟ್ಯಾನಿನ್. ಅದು ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ಚಹಾದೊಳಗಿನ ಹಾಲಿನ ಕ್ಯಾಲ್ಸಿಯಂ ಕೂಡ ಅದೇ ಕೆಲಸ ಮಾಡುತ್ತದೆ. ನಮ್ಮ ಕಡೆಯ ಜೋಳದ ರೊಟ್ಟಿ, ಸೊಪ್ಪು, ಬೇಳೆಗಳಲ್ಲಿರುವ ಕಬ್ಬಿಣ ಮಾಂಸದಲ್ಲಿರುವುದಕ್ಕಿಂತ ಮೊದಲೇ ಕಷ್ಟಪಟ್ಟು ಒಳಸೇರುವಂಥದ್ದು, ಅದರ ಮೇಲೆ ಊಟವಾದ ಕೂಡಲೇ ಚಹಾ ಕುಡಿದರೆ ಉಳಿಯುವುದು ಅಲ್ಪವೇ. ಊಟದ ಒಂದು ಗಂಟೆ ಮೊದಲು ಮತ್ತು ನಂತರ ಚಹಾ ಬೇಡವೆಂದು ಮೇಲೆ ಹೇಳಿದ ಮಾರ್ಗಸೂಚಿಯೇ ತಿಳಿಸುತ್ತದೆ. ಮಾತ್ರೆಯನ್ನು ನೀರಿನಲ್ಲಿ, ಸಾಧ್ಯವಾದರೆ ನಿಂಬೆಹಣ್ಣಿನ ಶರಬತ್ತಿನಲ್ಲಿ ತೆಗೆದುಕೊಳ್ಳಲಿ. ಅವರು ಗರ್ಭಿಣಿಯಾಗಿದ್ದರೆ ಕೆಫೀನನ್ನು ದಿನಕ್ಕೆ 200 ಮಿಲಿಗ್ರಾಂ ಒಳಗಿಡಬೇಕು, ಏಕೆಂದರೆ ಕೊನೆಯ ತಿಂಗಳುಗಳಲ್ಲಿ ಅದು ದೇಹದಿಂದ ಹೋಗಲು ಎರಡು ಮೂರು ಪಟ್ಟು ಹೊತ್ತು ಹಿಡಿಯುತ್ತದೆ. ಮಾತ್ರೆ ಮುಗಿದ ಮೇಲೆ ಹಿಮೋಗ್ಲೋಬಿನ್ ಇನ್ನೊಮ್ಮೆ ಪರೀಕ್ಷಿಸಲು ವೈದ್ಯರನ್ನು ಕೇಳಿರಿ, ಮತ್ತು ಇದುವರೆಗೆ ಚಹಾದ ಜೊತೆ ನುಂಗುತ್ತಿದ್ದುದನ್ನೂ ಅವರಿಗೆ ಹೇಳಿರಿ. ಇಲ್ಲದಿದ್ದರೆ ಮಾತ್ರೆ ಹತ್ತಲಿಲ್ಲವೆಂದು ಅವರು ಬೇರೆ ಔಷಧ ಬರೆದಾರು.