ಓದುಗರ ಸ್ಪಂದನ: ಹದಿನಾಲ್ಕು ಕೋರ್ಸ್ ಕೊಂಡೆ, ಒಂದೂ ಮುಗಿಸಿಲ್ಲ

ಬೆಂಗಳೂರಿನ ಯುವಕರೊಬ್ಬರು ಕಳೆದ ಸಲ ಬರೆದಿದ್ದರು. ಐದು ವರ್ಷದಿಂದ ಸಪೋರ್ಟ್ (ಈಗಾಗಲೇ ಓಡುತ್ತಿರುವ ಸಾಫ್ಟ್‌ವೇರ್ ನೋಡಿಕೊಳ್ಳುವ) ಪ್ರಾಜೆಕ್ಟ್‌ನಲ್ಲೇ ಇದ್ದಾರೆ. ಡೆವಲಪ್‌ಮೆಂಟ್‌ಗೆ, ಅಂದರೆ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ, ಹೋಗಬೇಕೆಂದು ಹದಿನಾಲ್ಕು ಆನ್‌ಲೈನ್ ಕೋರ್ಸ್ ಕೊಂಡಿದ್ದಾರೆ, ಒಂದೂ ಮುಗಿದಿಲ್ಲ. 'ಯಾವುದನ್ನು ಹಿಡಿಯಲಿ?' ಎಂದು ಕೇಳಿದ್ದರು. ಓದುಗರಿಂದ ಬಂದ ಉತ್ತರಗಳು ಇಲ್ಲಿವೆ. ಮೊದಲ ಪತ್ರ ಉದ್ದವಿದೆ, ಕತ್ತರಿಸಲು ಮನಸ್ಸಾಗಲಿಲ್ಲ.

ದಾವಣಗೆರೆಯಿಂದ

ತಮ್ಮಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗಳು ಹುಟ್ಟಿದ ಮೇಲೆ ಮೂರು ವರ್ಷ ಮನೆಯಲ್ಲಿದ್ದೆ. ವಾಪಸ್ ಕೆಲಸಕ್ಕೆ ಹೋಗೋಣ ಅಂತ ಅಮ್ಮನ ಬಳೆ ಅಡವಿಟ್ಟು ಒಂದು ಆನ್‌ಲೈನ್ ತರಬೇತಿಗೆ ಸೇರಿದೆ. ಕೆಲಸ ಗ್ಯಾರಂಟಿ ಅಂದಿದ್ದರು. ಆರು ತಿಂಗಳು ವಿಡಿಯೊ ನೋಡಿದೆ. ಅವರು ಟೈಪ್ ಮಾಡಿದ್ದನ್ನೇ ನಾನೂ ಟೈಪ್ ಮಾಡಿದೆ. ಎಲ್ಲ ಅರ್ಥವಾದ ಹಾಗೇ ಇತ್ತು. ಇಂಟರ್‌ವ್ಯೂನಲ್ಲಿ, ಒಂದು ಲಿಸ್ಟ್‌ನಲ್ಲಿ ಎರಡು ಸಲ ಬಂದಿರುವ ಸಂಖ್ಯೆ ಹುಡುಕಿ ಅಂದರು. ಖಾಲಿ ಸ್ಕ್ರೀನ್ ಎದುರು ಕೈ ಏಳಲಿಲ್ಲ. ಬಳೆ ಬಿಡಿಸಿಕೊಳ್ಳೋಕೆ ಎರಡು ವರ್ಷ ಬೇಕಾಯಿತು. ಅಮ್ಮ ಒಂದು ದಿನವೂ ಕೇಳಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ಆಮೇಲೆ ಹಾರ್ವರ್ಡ್‌ನ ಸಿಎಸ್50 ಹಿಡಿದೆ, ಪ್ರೋಗ್ರಾಮಿಂಗ್ ಮೊದಲಿನಿಂದ ಕಲಿಸುವ ಕೋರ್ಸ್ ಅದು. ಪಾಠಗಳು ಯೂಟ್ಯೂಬ್‌ನಲ್ಲೇ ಪುಕ್ಕಟೆ ಸಿಗುತ್ತವೆ, ಆದರೆ ಅದರ ಜೀವ ಇರೋದು ಅವರು ಕೊಡುವ ಲೆಕ್ಕಗಳಲ್ಲಿ. ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಶುರುವಾಗುವ ವಾರವೇ ಹ್ಯಾಷ್ (#) ಗುರುತುಗಳಿಂದ ಮಾರಿಯೋ ಆಟದ ಮೆಟ್ಟಿಲು ಕಟ್ಟಬೇಕು. ಮೆಟ್ಟಿಲು ಬಲಕ್ಕೆ ಒರಗಬೇಕಿತ್ತು, ನನ್ನದು ಎಡಕ್ಕೇ ಒರಗುತ್ತಿತ್ತು. ಮಗಳ ಚೌಕುಳಿ ಪುಸ್ತಕ ತಂದು ಪೆನ್ಸಿಲ್‌ನಲ್ಲಿ ಬರೆದೆ. ಎತ್ತರ ಎಂಟಾದರೆ ಮೊದಲ ಸಾಲಿಗೆ ಏಳು ಮನೆ ಖಾಲಿ, ಮುಂದಿನದಕ್ಕೆ ಆರು. ರಾತ್ರಿ ಒಂದೂವರೆಗೆ ಮೆಟ್ಟಿಲು ಸರಿಯಾಗಿ ನಿಂತಿತು. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ.

ಅದಾದ ಮೇಲೆ ಐಐಟಿಗಳು, ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಪ್ರೊಫೆಸರ್ ಮಾಧವನ್ ಮುಕುಂದ್ ಅವರ ಪೈಥಾನ್ ಡೇಟಾ ಸ್ಟ್ರಕ್ಚರ್ಸ್ (ಪ್ರೋಗ್ರಾಂನಲ್ಲಿ ಮಾಹಿತಿ ಜೋಡಿಸಿಡುವ ಬಗೆಗಳು) ಕೋರ್ಸ್ ಮಾಡಿದೆ, ಎಂಟು ವಾರ. ಕಲಿಯೋಕೆ ದುಡ್ಡಿಲ್ಲ. ಸರ್ಟಿಫಿಕೇಟ್ ಪರೀಕ್ಷೆಗೆ ನಾನು ಕಟ್ಟಿದ್ದು 1000 ರೂಪಾಯಿ. ಸೆಂಟರ್‌ಗೆ ಹೋಗಿ ಬರೆಯಬೇಕು. ದುಡ್ಡು ಕಟ್ಟಿ ತಾರೀಕು ಬಂದ ಮೇಲೆ ನಾಳೆ ಓದೋಣ ಅಂತ ಕೂರೋಕಾಗಲ್ಲ, ಅಲ್ವಾ? ಈಗ ಕೆಲಸದಲ್ಲಿದ್ದೇನೆ. ಬಳೆ ಅಮ್ಮನ ಕೈಯಲ್ಲಿದೆ.

*ಮುಂದಿನದು ಸ್ವಲ್ಪ ಖಾರ. ಆದರೆ ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ.*

ಹುಬ್ಬಳ್ಳಿಯಿಂದ

ಕೊಳ್ಳೋದು ಬೇರೆ, ಕಲಿಯೋದು ಬೇರೆ. ಹದಿಮೂರನ್ನು ಮರೆತುಬಿಡಿ. ಉಳಿದ ಒಂದನ್ನು ಮುಗಿಸುವ ತನಕ ಯಾರನ್ನೂ ಏನೂ ಕೇಳಬೇಡಿ.

ಶಿವಮೊಗ್ಗದಿಂದ

ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತೇನೆ. ಅರ್ಧಕ್ಕೆ ಬಿಡೋದಕ್ಕೆ ಇಂಗ್ಲಿಷೇ ಕಾರಣ ಅಂತ ನನ್ನ ಅನಿಸಿಕೆ. ಕನ್ನಡ ಮೀಡಿಯಂನಿಂದ ಬಂದ ಹುಡುಗರು ಸೋಮಾರಿಗಳಲ್ಲ, ಆ ವೇಗದ ಇಂಗ್ಲಿಷ್ ಕೇಳಿ ಕೇಳಿ ದಣಿಯುತ್ತಾರೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಎಷ್ಟೋ ಪಾಠಗಳು ಕನ್ನಡದಲ್ಲೇ ಇವೆ. ಒಂದೊಂದೂ ಚಿಕ್ಕದು. ಸ್ಕ್ರೀನಿನ ಒಂದು ಕಡೆ ಪಾಠ ಓಡಲಿ, ಇನ್ನೊಂದು ಕಡೆ ನೀವು ಮಾಡುತ್ತಾ ಹೋಗಿ. ಅದನ್ನು ಮಾಡಿಸಿರುವ ರೀತಿಯೇ ಹಾಗೆ.

*ಪತ್ರ ಬರೆದವರು ಭಾಷೆಯ ಮಾತು ಎತ್ತಿರಲಿಲ್ಲ. ಆದರೂ ಇದು ಬೇರೆ ಹಲವರಿಗೆ ಬೇಕಾದೀತು. ಕೊನೆಯ ಪತ್ರ ಕೋರ್ಸ್‌ನಿಂದ ಸ್ವಲ್ಪ ಆಚೆಗೆ ನೋಡುತ್ತದೆ, ನಿಧಾನವಾಗಿ ಓದಿ.*

ಮೈಸೂರಿನಿಂದ

ಸಪೋರ್ಟ್ ಕೆಲಸವನ್ನು ಯಾಕೆ ಅಷ್ಟು ಕೀಳಾಗಿ ನೋಡುತ್ತೀರಿ? ನಾನೂ ಅಲ್ಲಿಂದಲೇ ಬಂದವನು. ಸರ್ವರ್‌ನ ಡಿಸ್ಕ್ ತುಂಬಿದೆ ಅಂತ ವಾರಕ್ಕೆ ನಾಲ್ಕೈದು ಟಿಕೆಟ್, ಅಂದರೆ ದೂರು, ಬರುತ್ತಿತ್ತು. ಪ್ರತಿ ಸಲ ಲಾಗಿನ್ ಆಗಿ ಹಳೆಯ ಲಾಗ್ ಫೈಲ್ (ಸರ್ವರ್ ತಾನೇ ಬರೆದಿಡುವ ದಾಖಲೆ) ಅಳಿಸೋದೇ ಕೆಲಸ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2020ರಲ್ಲಿ ಹಾಕಿದ 'ಮಿಸ್ಸಿಂಗ್ ಸೆಮಿಸ್ಟರ್' ಪಾಠಗಳಲ್ಲಿ ಶೆಲ್ (ಟೈಪ್ ಮಾಡಿ ಕಂಪ್ಯೂಟರ್‌ಗೆ ಆಜ್ಞೆ ಕೊಡೋದು), ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡೋದು), ಡಿಬಗ್ಗಿಂಗ್ (ತಪ್ಪು ಹುಡುಕಿ ತಿದ್ದೋದು) ಇವೆ, ಕಾಲೇಜಿನಲ್ಲಿ ನನಗೆ ಯಾರೂ ಹೇಳಿಕೊಡದಿದ್ದವು. ಶೆಲ್‌ನ ಎರಡು ಪಾಠ ಮುಗಿಸಿ ಹಳೆಯ ಲಾಗ್ ಫೈಲ್ ತಾನಾಗಿಯೇ ಅಳಿಸುವ ಮೂವತ್ತು ಸಾಲಿನ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದೆ. ಮೊದಲು ಟೆಸ್ಟ್ ಸರ್ವರ್‌ನಲ್ಲಿ ಓಡಿಸಿ, ಮ್ಯಾನೇಜರ್ ಒಪ್ಪಿದ ಮೇಲೆ ಉಳಿದವಕ್ಕೆ ಹಾಕಿದೆ. ಟಿಕೆಟ್ ನಿಂತುಹೋಯಿತು. ಡೆವಲಪ್‌ಮೆಂಟ್ ಟೀಮಿನವರು ತಾವಾಗಿಯೇ ಬಂದು, ಬರೆದದ್ದು ಯಾರು ಅಂತ ಕೇಳಿದರು. ನಿಮಗೆ ಜಾಸ್ತಿ ಸಲ ಬರುವ ಟಿಕೆಟ್ ಯಾವುದು? ಅದನ್ನು ಬರೆದು ಕಳಿಸಿ, ಒಟ್ಟಿಗೆ ಕೂತು ನೋಡೋಣ.